ಹಲಗೆ ನಿಂತದ್ದು ಯಾರಿಗೆ ಕೇಳಿಸಿತು?

ಹೋದ ವಾರ ನಮ್ಮ ಮಿಕ್ಸಿ ಸುಟ್ಟುಹೋಯಿತು. ಶೇಂಗಾ ಚಟ್ನಿ ಅರ್ಧಕ್ಕೆ ನಿಂತಿತು. ಅಡುಗೆಮನೆ ತುಂಬ ವೈರು ಸುಟ್ಟ ವಾಸನೆ. ಇಂಥ ಹೊತ್ತಿನಲ್ಲಿ ಕೊಟ್ಟೂರಿನಲ್ಲಿ ನಾನು ಹೋಗುವ ಜಾಗ ಒಂದೇ, ಹುಸೇನ್ ಸಾಬರ ಮೋಟರ್ ವೈಂಡಿಂಗ್ ಅಂಗಡಿ.

ಸಾಬರಿಗೆ ಎಪ್ಪತ್ತು ದಾಟಿದೆ. ಎರಡೂ ಕಿವಿ ಒಣಗಿದ ಅಂಜೂರದ ಹಾಗೆ ಮುದುಡಿವೆ. (ಗರಡಿಮನೆಯಲ್ಲಿ ವರ್ಷಗಟ್ಟಲೆ ಸಾಮು ಮಾಡಿದವರ ಕಿವಿ ಹಾಗಾಗುತ್ತದಂತೆ. ನಾನು ಬಹಳ ದಿನ ಹುಟ್ಟಿನಿಂದಲೇ ಹಾಗೆ ಅಂದುಕೊಂಡಿದ್ದೆ.) ಮಿಕ್ಸಿಯನ್ನು ತಿರುಗಿಸಿ ಮೂಸಿ ನೋಡಿ, "ಕಾಯಿಲ್ ಹೋಗೈತ್ರಿ" ಎಂದರು. ನಾನು ಹೊರಡಬೇಕು, ಅವರು ಎಣ್ಣೆ ಕೈಯನ್ನು ಬಟ್ಟೆಗೆ ಒರೆಸುತ್ತಲೇ ನಿಂತರು. ಒರೆಸುವುದು ಮುಗಿಯಲೇ ಇಲ್ಲ.

"ಅಮ್ಮಾರ, ಗರಡಿಮನಿ ಕಲ್ಲಿಗೆ ನೀವ ಬರೀತೀರಂತಲ್ಲ, ಖರೇ ಏನ್ರಿ?"

"ಹೌದು ಸಾಬ್ರೆ."

"ಒಂದು ಶಬ್ದ ಬಿಟ್ಟು ಬರೀರಿ. ಅಷ್ಟ ಕೇಳ್ತೀನಿ."

ಯಾವ ಶಬ್ದ ಎಂದು ಕೇಳುವ ಅಗತ್ಯವಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಮಾವನವರ ಅಣ್ಣ ಮೈಲಾರಪ್ಪ ಪೈಲ್ವಾನರು. ನಾನು ಮದುವೆಯಾಗಿ ಬರುವಾಗಲೇ ಅವರಿಗೆ ವಯಸ್ಸಾಗಿತ್ತು, ಈಗ ಅವರಿಲ್ಲ. ಆದರೆ ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಎಲ್ಲಿ ಹೋದರೂ, "ಪೈಲ್ವಾನರ ಮನಿ ಸೊಸಿ ಏನ್ರಿ" ಎಂದು ಕುರ್ಚಿ ಹಾಕುತ್ತಾರೆ. ಬಸ್ಸಿನಲ್ಲಿ ಸೀಟು ಕೂಡ ಸಿಕ್ಕಿದೆ. ಕುಸ್ತಿಯನ್ನೇ ಕಸುಬು ಮಾಡಿಕೊಂಡು ಊರೂರು ತಿರುಗಿದ ಮನುಷ್ಯ. ಅವರ ಹೆಸರಿನ ಹಿಂದೆ ಯಾವಾಗಲೂ ಒಂದು ಮಾತು ಇರುತ್ತದೆ: ಸೋಲನ್ನೇ ಕಾಣದ ಮೈಲಾರಪ್ಪ. ಈಗ ಗರಡಿಮನೆ ದುರಸ್ತಿಯಾಗಿದೆ, ಬಾಗಿಲಿಗೆ ಅವರ ಹೆಸರಿನ ಗ್ರಾನೈಟ್ ಕಲ್ಲು ಕೂರಿಸುತ್ತಾರೆ. ಪೇಪರಿನಲ್ಲಿ ಬರೆಯುವ ಸೊಸೆ ಮನೆಯಲ್ಲೇ ಇರುವಾಗ ಹೊರಗಿನವರನ್ನೇಕೆ ಕೇಳುವುದು? ಆರು ಸಾಲಿನ ಕೆಲಸ ನನ್ನ ಪಾಲಿಗೆ ಬಂತು.

ಸಾಬರ ತಕರಾರು ಇಷ್ಟೇ. ನಲವತ್ತು ವರ್ಷಕ್ಕೂ ಹಿಂದೆ ಹಿರೇಹಡಗಲಿಯಲ್ಲಿ, ಉಗಾದಿಯ ಮರುದಿನದ ಕುಸ್ತಿಯಲ್ಲಿ, ಅವರು ಮೈಲಾರಪ್ಪನವರನ್ನು ಚಿತ್ ಮಾಡಿದ್ದರಂತೆ. ಎರಡೂ ಭುಜ ಮಣ್ಣಿಗೆ ತಾಗಿದ್ದವಂತೆ. ಆದರೆ ಪಂಚರು ಒಪ್ಪಲಿಲ್ಲ. ಒಂದೇ ಭುಜ ತಾಗಿದೆ ಎಂದು ಮತ್ತೆ ಆಡಿಸಿದರು, ಕೊನೆಗೆ ಬರೋಬರಿ, ಇಬ್ಬರೂ ಸಮ ಎಂದು ಬಿಡಿಸಿದರು. ಅಂದಿನಿಂದ ಸಾಬರು ಇದನ್ನು ಹೇಳುತ್ತಲೇ ಬಂದಿದ್ದಾರೆ. ಅಂದಿನಿಂದ ಜನ ನಗುತ್ತಲೇ ಬಂದಿದ್ದಾರೆ.

"ನಕ್ರ ನಗ್ಲಿ ಬಿಡ್ರಿ, ರೂಢಿ ಆಗೈತಿ" ಎಂದರು ಸಾಬರು. "ಆದ್ರ ಕಲ್ಲಿನ್ಯಾಗ ಕೆತ್ತಿದ್ರ ಏನ್ ಮಾಡ್ಲಿ? ಮೊಮ್ಮಗಳು ಆ ದಾರಿ ಹಿಡದ ಸಾಲಿಗಿ ಹೋಗ್ತಾಳ. ದಿನಾ ಓದ್ತಾಳ. ನಾ ಸತ್ತ ಮ್ಯಾಲೂ ಓದ್ತಾಳ, ನಮ್ಮ ತಾತ ಸುಳ್ಳುಗಾರ ಅಂತ."

ಮಿಕ್ಸಿ ಕೊಡಲು ಹೋದವಳು ಇದನ್ನು ಹೊತ್ತುಕೊಂಡು ಬಂದೆ.

ನಿಜ ಹೇಳಬೇಕೆಂದರೆ ನನಗೆ ಕುಸ್ತಿಯ ಗಂಧಗಾಳಿ ಇಲ್ಲ. ಓದಿದ್ದು ಹೊಸಪೇಟೆಯ ಕಾನ್ವೆಂಟಿನಲ್ಲಿ. ನಮಗೆ ಕುಸ್ತಿ ಎಂದರೆ ಟಿವಿಯಲ್ಲಿ ಬಣ್ಣದ ಚಡ್ಡಿ ತೊಟ್ಟ ಧಾಂಡಿಗರು ಕುರ್ಚಿ ಎತ್ತಿ ಹೊಡೆದಾಡುವುದು. ಅದೆಲ್ಲ ಮೊದಲೇ ಮಾತಾಡಿಕೊಂಡು ಮಾಡುವುದು ಎಂದು ಗೊತ್ತಾದಾಗ ನನ್ನ ತಮ್ಮ ಎರಡು ದಿನ ಮುಖ ಸಿಂಡರಿಸಿಕೊಂಡಿದ್ದ. ನಮ್ಮ ದೊಡ್ಡಮಾವನದು ಅಂಥದ್ದಲ್ಲ, ಅಪ್ಪಟ ಕೆಮ್ಮಣ್ಣಿನದು ಎಂಬ ಹೆಮ್ಮೆ ನನಗೂ ಇತ್ತು. ಆ ಹೆಮ್ಮೆಯನ್ನು ಯಾರೂ ನನಗೆ ಕಲಿಸಿರಲಿಲ್ಲ. ಕುರ್ಚಿ ಹಾಕಿಸಿಕೊಂಡು ಹಾಕಿಸಿಕೊಂಡು ಬಂದದ್ದು.

ನಮ್ಮ ಮನೆಯವರನ್ನು ಕೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. "ಸಾಬಣ್ಣಂದು ಅದ ಹಾಡು. ಮಿಕ್ಸಿ ಚಲೋ ಮಾಡ್ತಾನ, ಅದನ್ನ ನೋಡು."

ಇನ್ನು ಯಾರನ್ನು ಕೇಳಲಿ? ಆವತ್ತಿನ ಪಂಚರು ಉಳಿದಿಲ್ಲ. ಉಳಿದವರು ದೊಡ್ಡತ್ತೆ, ಪೈಲ್ವಾನರ ಹೆಂಡತಿ. ನಮ್ಮ ಜೊತೆಗೇ ಇದ್ದಾರೆ. ಹಿರೇಹಡಗಲಿ ಅವರ ತವರು.

ಕೇಳಿದಾಗ ಅವರು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

"ನಾ ಒಂದ ಕುಸ್ತಿನೂ ನೋಡಿಲ್ಲ. ನನ್ನ ಕೇಳ್ತಿಯಲ್ಲ ಯವ್ವಾ."

ಅದೂ ಸರಿಯೇ. ಹೆಣ್ಣುಮಕ್ಕಳು ಕಣದ ಹತ್ತಿರ ಸುಳಿಯಬಾರದು ಎಂಬುದು ಈ ಕಡೆಯ ಹಳೆಯ ಕಟ್ಟಳೆ. ಮೂವತ್ತು ವರ್ಷ ಕುಸ್ತಿಯಾಡಿದವನ ಹೆಂಡತಿ ಗಂಡನ ಒಂದೇ ಒಂದು ಪಟ್ಟನ್ನೂ ಕಂಡವಳಲ್ಲ. ಅವನಿಗೆ ಹಾಲು ಕಾಸಿದ್ದು, ಮೈಗೆ ಎಣ್ಣೆ ತಿಕ್ಕಿದ್ದು, ಬಾದಾಮಿ ಅರೆದದ್ದು ಅಷ್ಟೇ ಅವಳ ಕುಸ್ತಿ. ಕೇಳಿ ತಪ್ಪು ಮಾಡಿದೆ ಅನಿಸಿತು.

ಆದರೆ ಒಂದನ್ನು ಗಮನಿಸಿದೆ. ಕಲ್ಲು ಕಸ ಆರಿಸಿ ಪಾತ್ರೆಗೆ ಸುರಿದಿದ್ದ ಜೋಳವನ್ನು ಅವರು ಮತ್ತೆ ಮೊರಕ್ಕೆ ಹಾಕಿಕೊಂಡು ಮೊದಲಿನಿಂದ ಆರಿಸತೊಡಗಿದರು. ಸಂಜೆ ದೀಪ ಹಚ್ಚುವಾಗ ತಾವಾಗಿಯೇ ಕೇಳಿದರು: "ಕಲ್ಲು ಯಾವಾಗ ಕೆತ್ತತಾರ?"

ಭಾನುವಾರ ಬೆಳಿಗ್ಗೆ ಗರಡಿಮನೆ ಕಮಿಟಿಯವರು ಬಂದರು. ಅಧ್ಯಕ್ಷರು ವೀರಣ್ಣ, ಗೊಬ್ಬರದ ಅಂಗಡಿಯವರು. ಚಿಕ್ಕಂದಿನಲ್ಲಿ ದೊಡ್ಡಮಾವನ ಕೈಯಲ್ಲೇ ಕುಸ್ತಿ ಕಲಿತವರು. ಈಗಲೂ ಅವರ ಹೆಸರು ಬಂದರೆ ಗೌರವಕ್ಕೆ ಕಿವಿ ಮುಟ್ಟಿಕೊಳ್ಳುತ್ತಾರೆ. ಅದೇ ಹೊತ್ತಿಗೆ ಮಿಕ್ಸಿ ತಂದುಕೊಡಲು ಹುಸೇನ್ ಸಾಬರಿಗೂ ಹೇಳಿದ್ದೆ. (ಇದು ನನ್ನ ಕುತಂತ್ರ, ಒಪ್ಪಿಕೊಳ್ಳುತ್ತೇನೆ.)

ವೀರಣ್ಣ ನನ್ನ ಆರು ಸಾಲನ್ನು ಗಟ್ಟಿಯಾಗಿ ಓದಿದರು. ಇನ್ನೊಮ್ಮೆ ಓದಿದರು. ಹಾಳೆಯನ್ನು ಹಿಂದೆ ತಿರುಗಿಸಿಯೂ ನೋಡಿದರು.

"ಅಕ್ಕಾರ, ಎಲ್ಲಾ ಚಲೋ ಐತಿ. ಮುಖ್ಯ ಮಾತ ಬಿಟ್ಟೀರಲ್ಲ. 'ಸೋಲನ್ನೇ ಕಾಣದ' ಅನ್ನೋದು ಎಲ್ಲೈತ್ರಿ?"

"ಅದು ಖಚಿತವಾಗಿ ಗೊತ್ತಿಲ್ಲವಲ್ಲ, ವೀರಣ್ಣನವರೇ" ಎಂದೆ. ನಮ್ಮ ಮನೆಯವರು ಕೆಮ್ಮಿದರು.

"ಗೊತ್ತಿಲ್ಲ ಅಂದ್ರ? ಇಡೀ ಸೀಮಿಗೆ ಗೊತ್ತೈತಿ." ವೀರಣ್ಣನ ಕಣ್ಣು ಬಾಗಿಲ ಕಡೆ ಹೋಯಿತು. ಮಿಕ್ಸಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದ ಸಾಬರನ್ನು ನೋಡಿ, "ಒಬ್ರನ್ನ ಬಿಟ್ಟು" ಎಂದರು.

ಎಲ್ಲರೂ ನಕ್ಕರು. ಕೆಟ್ಟ ನಗುವೇನಲ್ಲ, ದಿನಾ ನಗುವ ನಗು. ಸಾಬರು ಮಿಕ್ಸಿಯ ವೈರನ್ನು ಸುತ್ತಿ ಸುತ್ತಿ ಇಟ್ಟರು.

"ನಿಂತಿತ್ತು" ಎಂದಿತು ಒಳಗಿನಿಂದ ಒಂದು ದನಿ.

ನಡುಮನೆಯ ಹೊಸ್ತಿಲಲ್ಲಿ ದೊಡ್ಡತ್ತೆ ನಿಂತಿದ್ದರು.

"ಏನು ನಿಂತಿತ್ತು ದೊಡ್ಡವ್ವ?" ಎಂದರು ವೀರಣ್ಣ.

"ಹಲಗಿ."

ಕುಸ್ತಿ ಕಣದಲ್ಲಿ ಬಾರಿಸುವ ಚರ್ಮವಾದ್ಯ. ಆದರೂ ಯಾರಿಗೂ ಅರ್ಥವಾಗಲಿಲ್ಲ. ದೊಡ್ಡತ್ತೆ ಅಲ್ಲೇ ಹೊಸ್ತಿಲಿಗೆ ಒರಗಿ ಕೂತರು.

"ನಮ್ಮ ತವರುಮನಿ ಹಿತ್ತಲ ಗ್ವಾಡಿ ಆಚಿಗೇ ಕಣ. ನಾ ಹಬ್ಬಕ್ಕ ಹೋಗಿದ್ದೆ. ಗಂಡಸ್ರೆಲ್ಲಾ ಕುಸ್ತಿಗಿ ಹೋಗ್ಯಾರ, ನಾ ಹಿತ್ತಲ ಬಾವ್ಯಾಗ ನೀರು ಸೇದಾಕತ್ತಿದ್ದೆ. ನೋಡಾಕ ಬಿಡಲಿಲ್ಲ ಖರೇ. ಕೇಳಾಕ ಯಾರು ಬ್ಯಾಡ ಅಂದಾರ? ಮದುವಿ ಆದಾಗಿಂದ ಅವರ ಕುಸ್ತಿ ನಾ ಹಲಗಿ ಮ್ಯಾಗ ಕೇಳೀನಿ. ಜೋಡಿ ಕಟ್ಟಿದಾಗ ಒಂದು ಬಡತ, ಪಟ್ಟು ಹಾಕಿದಾಗ ಒಂದು ಬಡತ. ಚಿತ್ ಆದ್ರ ನಿಲ್ತೈತಿ."

"ಕಣದ ಹೊರಗ ಹೋದ್ರೂ ನಿಲ್ತೈತಿ ದೊಡ್ಡವ್ವ" ಎಂದರು ವೀರಣ್ಣ. ಆದರೆ ದನಿ ತಗ್ಗಿತ್ತು.

"ನಿಲ್ಲಂಗಿಲ್ಲ. ಸಣ್ಣಗ ಬಾರಿಸ್ತಾರ. ನೀ ಸಾಮು ಮಾಡಿದಾಂವ, ನಂಗ ಹೇಳ್ತಿಯೇನು?" ದೊಡ್ಡತ್ತೆ ಪಕ್ಕದಲ್ಲಿದ್ದ ಮೊರವನ್ನು ಬೋರಲು ಹಾಕಿದರು. ಅದರ ಬೆನ್ನಿನ ಮೇಲೆ ಬೆರಳಿಂದ ಬಾರಿಸತೊಡಗಿದರು. ಜೋರು, ಜೋರು, ಇನ್ನೂ ಜೋರು. ತಟಕ್ಕನೆ ಕೈ ಎತ್ತಿದರು.

"ಇಲ್ಲಿ ನಿಂತಿತು. ನನ್ನ ಕೊಡ ನಡು ಬಾವ್ಯಾಗಿತ್ತು. ಹಗ್ಗ ಹಿಡಕೊಂಡು ಹಂಗ ನಿಂತೆ. ಜನದ ಉಸರಿಲ್ಲ. ಆಮ್ಯಾಲ ನಮ್ಮ ಅಣ್ಣನ ದನಿ ಕೇಳ್ತು. ಆಮ್ಯಾಲ ಹಲಗಿ ಹಿಂಗ ಬಡೀತು." ಅವರ ಬೆರಳು ಮತ್ತೆ ಆಡಿತು. ಈ ಸಲ ನಿಧಾನ, ಬಿಡಿಬಿಡಿ, ಎಣಿಸಬಹುದಾದಂತೆ.

ನನಗೆ ಅದರಲ್ಲಿ ಏನೂ ತಿಳಿಯಲಿಲ್ಲ. ವೀರಣ್ಣನ ಮುಖ ನೋಡಿದೆ. ಅವರಿಗೆ ತಿಳಿದಿತ್ತು.

"ಅದು ಜೋಡಿ ಕಟ್ಟೋ ಬಡತ" ಎಂದರು, ತಮಗೇ ಹೇಳಿಕೊಂಡಂತೆ.

"ಹೌದ್ರಿ. ಮತ್ತ ಕೈ ಕೂಡಿಸಿದ್ರು" ಎಂದರು ಸಾಬರು. ಅಷ್ಟು ಹೊತ್ತಿಗೆ ಅವರು ಬಾಯಿ ಬಿಟ್ಟದ್ದು ಅದೇ ಮೊದಲು. "ಒಂದು ಕುಸ್ತಿ ಮುಗೀಲಾರದ ಇನ್ನೊಂದು ಜೋಡಿ ಯಾಕ ಕಟ್ತಾರ? ನಲವತ್ತು ವರ್ಷದಿಂದ ಇದನ್ನ ಕೇಳಾಕತ್ತೀನಿ."

ಪಂಚರು ಏನೇ ಹೇಳಲಿ, ಹಲಗೆಯವರ ಕೈ ಮೊದಲು ನಿಜ ಹೇಳಿಬಿಟ್ಟಿತ್ತು. ಆ ಪಂಚರಲ್ಲಿ ಹಿರಿಯರು ಯಾರು ಗೊತ್ತೇ? ದೊಡ್ಡತ್ತೆಯ ಅಣ್ಣ. ಮೈಲಾರಪ್ಪನವರು ಊರಿನ ಅಳಿಯ. ಹಬ್ಬಕ್ಕೆ ಬಂದ ಅಳಿಯ ಅತ್ತೆಮನೆಯ ಊರಲ್ಲಿ ಮಣ್ಣು ಮುಕ್ಕಿ ಹೋಗಬೇಕೇ? ಊರಿಗೆ ಊರೇ ನೋಡಿತು, ಊರಿಗೆ ಊರೇ ಸುಮ್ಮನಾಯಿತು. ಅವರ ಲೆಕ್ಕದಲ್ಲಿ ಅದು ಮೋಸವೇ ಅಲ್ಲ. ಅಳಿಯನಿಗೆ ಹೋಳಿಗೆಗೆ ತುಪ್ಪ ಜಾಸ್ತಿ ಹಾಕಿದಂತೆ, ಅದೊಂದು ಮರ್ಯಾದೆ.

"ದೊಡ್ಡಮಾವ ಏನಂದರು ಅತ್ತೆ?" ನಾನೇ ಕೇಳಿದೆ.

"ಏನೂ ಅನ್ನಲಿಲ್ಲ. ಆವತ್ತಿಂದ ನಮ್ಮಣ್ಣನ ಮನ್ಯಾಗ ಉಣ್ಣೋದು ಬಿಟ್ರು. ಸಾಯೋತನಕ ಒಂದು ತುತ್ತು ಉಣ್ಣಲಿಲ್ಲ. ನಮ್ಮಣ್ಣ ಕೇಳ್ತಿದ್ದ, ಭಾವಗ ಏನು ಸಿಟ್ಟು ಅಂತ. ಏನ್ ಹೇಳ್ಲಿ?" ಮೊರವನ್ನು ಪಕ್ಕಕ್ಕೆ ಸರಿಸಿ ಅಂದರು: "ಒಂದು ಕಡಿ ಗಂಡ, ಒಂದು ಕಡಿ ಅಣ್ಣ. ಯಾರನ್ನ ಸುಳ್ಳು ಮಾಡ್ಲಿ? ಅದಕ್ಕ ಈಯಪ್ಪನ್ನ ಮಾಡಿದ್ವಿ."

ಈ ಮಾತು ಹೇಳುವಾಗ ಅವರು ಸಾಬರ ಮುಖ ನೋಡಲಿಲ್ಲ. ಸಾಬರ ಪಾದ ನೋಡಿದರು.

ಸಾಬರು ಮೆಲ್ಲಗೆ, "ಇಷ್ಟು ದಿನ ನಂಗ ಅನಿಸಿತ್ರಿ ದೊಡ್ಡವ್ವಾರ, ಆ ಊರಾಗ ಕಿವಿ ಇದ್ದೋರು ಒಬ್ರೂ ಇಲ್ಲ ಅಂತ" ಎಂದರು. ಮಿಕ್ಸಿಯನ್ನು ನನ್ನ ಕೈಗೆ ಕೊಟ್ಟು ಮೆಟ್ಟಿಲಿಳಿದರು. ಚಹಾಕ್ಕೆ ನಿಲ್ಲಲಿಲ್ಲ.

ಅವರು ಹೋದ ಮೇಲೆ ಸಣ್ಣ ವಾದ ನಡೆಯಿತು. ಕಮಿಟಿಯ ಒಬ್ಬರು, "ಹಳೇ ಮಾತು, ಈಗ್ಯಾಕ? ಹುಡುಗ್ರಿಗೆ ಹುರುಪು ಬರ್ಲಿ ಅಂತ ಒಂದು ಶಬ್ದ ಇದ್ರ ಏನು?" ಎಂದರು. ಇನ್ನೊಬ್ಬರು, "ಮನ್ಯಾಗ ಕುಂತ ಹೆಣ್ಮಗಳ ಸಾಕ್ಷಿ ಹಿಡೀತಾರೇನ್ರಿ?" ಎಂದರು. ವೀರಣ್ಣ ನನ್ನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡು, "ಇದ್ದಂಗ ಕೆತ್ಲಿ" ಎಂದರು. ಅವರ ಕಣ್ಣು ಕೆಂಪಾಗಿತ್ತು. ತಮ್ಮ ಉಸ್ತಾದರನ್ನು ಅವರು ಆ ಬೆಳಿಗ್ಗೆ ಇನ್ನೊಮ್ಮೆ ಕಳೆದುಕೊಂಡಿದ್ದರು ಅಂತ ನನಗೆ ಅನಿಸಿತು.

ನನಗೂ ಅಷ್ಟೇನೂ ಖುಷಿಯಾಗಲಿಲ್ಲ. ಹಾಗಾದರೆ ನಮ್ಮ ದೊಡ್ಡಮಾವನ ಹೆಸರು ಪೊಳ್ಳೇ? ಈ ವಾರವೆಲ್ಲ ಪಾತ್ರೆ ತಿಕ್ಕುತ್ತ ಇದನ್ನೇ ಯೋಚಿಸಿದೆ. ಪೊಳ್ಳಲ್ಲ. ಉಳಿದ ಕುಸ್ತಿಗಳನ್ನು ಅವರು ಗೆದ್ದದ್ದು ನಿಜ, ಹಾಗಂತ ಸಾಬರೇ ಹೇಳುತ್ತಾರೆ. ("ಅಂಥಾ ಕೈ ನಾ ಮತ್ತ ನೋಡಿಲ್ರಿ" ಎಂದು ಅಂಗಡಿಯಲ್ಲೇ ಅಂದಿದ್ದರು. ಸೋಲಿಸಿದವನಲ್ಲದೆ ಇನ್ನಾರು ಅದನ್ನು ಅಷ್ಟು ಸರಿಯಾಗಿ ಅಳೆದಾರು?) ಭಾವನ ಮನೆಯ ಊಟ ಬಿಟ್ಟವನಿಗೆ ನಾಚಿಕೆ ಇತ್ತು ಎಂಬುದೂ ನಿಜ.

ಆದರೆ ಊಟ ಬಿಟ್ಟರೆ ಸಾಲುತ್ತದೆಯೇ? ಅಷ್ಟು ದೊಡ್ಡ ದೇಹ, ಅಷ್ಟು ದೊಡ್ಡ ಎದೆ. ಒಮ್ಮೆ ಕಣದಲ್ಲಿ ಕೈ ಎತ್ತಿ, "ನಾ ಬಿದ್ದೀನಿ" ಎನ್ನಬೇಕಿತ್ತು. ಎರಡು ಶಬ್ದ. ಅವರು ಹಾಗಂದಿದ್ದರೆ ಐದು ತಾಲೂಕಿನಲ್ಲಿ ಅವರ ಹೆಸರು ಕಡಿಮೆಯಾಗುತ್ತಿತ್ತೋ, ಹೆಚ್ಚಾಗುತ್ತಿತ್ತೋ? ಹೇಳಲಿಲ್ಲ. ಹೇಳದ್ದರಿಂದ ಏನಾಯಿತು? ಆ ಕುಸ್ತಿಯ ನಂತರ ಹುಸೇನ್ ಸಾಬರ ಜೊತೆ ಯಾರೂ ಜೋಡಿ ಕಟ್ಟಲಿಲ್ಲ. ಸುಳ್ಳು ಹೇಳುವ ಪೈಲ್ವಾನನನ್ನು ಯಾವ ಊರು ಕರೆಯುತ್ತದೆ? ಮೂವತ್ತು ತುಂಬುವ ಮೊದಲೇ ಅವರು ಲಂಗೋಟಿ ಬಿಚ್ಚಿಟ್ಟು ತಾಮ್ರದ ತಂತಿ ಸುತ್ತಲು ಕಲಿತರು.

ಅಂದರೆ ನಮ್ಮ ಮನೆಗೆ ಬಂದ ಕುರ್ಚಿಗಳಲ್ಲಿ ಒಂದಿಷ್ಟು ಅವರ ಮನೆಗೆ ಹೋಗಬೇಕಾದವು. ನಾನು ಕೂತು ಬಂದಿದ್ದೇನೆ.

ಕಲ್ಲು ಈಗ ಕೂರಿಸಿದ್ದಾರೆ. ಕಪ್ಪು ಗ್ರಾನೈಟ್, ಚಿನ್ನದ ಬಣ್ಣದ ಅಕ್ಷರ. 'ಹೆಸರಾಂತ ಪೈಲ್ವಾನ್ ಮೈಲಾರಪ್ಪನವರು' ಎಂದಷ್ಟೇ ಇದೆ. ನಿನ್ನೆ ಹೂವು ತರಲು ಹೋದಾಗ ಆ ದಾರಿಯಲ್ಲೇ ಬಂದೆ. ಗರಡಿಮನೆಯ ಕಟ್ಟೆಯ ಮೇಲೆ ಮೂರು ಜನ ಕೂತಿದ್ದರು. ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಸಾಬರನ್ನು ನೋಡಿ ಒಬ್ಬ ಎಂದಿನಂತೆ ಕೂಗಿದ: "ಏನ್ ಸಾಬಣ್ಣ, ಮತ್ತ ಯಾರನ್ನ ಕೆಡವಿದಿ?"

ಕಲ್ಲಿಗೆ ಒಂದು ಶಬ್ದ ಬಾರದಂತೆ ನೋಡಿಕೊಳ್ಳಲು ನಮಗೆ ಒಂದು ಬೆಳಿಗ್ಗೆ ಸಾಕಾಯಿತು. ಈ ಮನುಷ್ಯನ ಹೆಸರಿಗೆ ನಾವು ಅಂಟಿಸಿದ ಶಬ್ದ ಕಿತ್ತು ತೆಗೆಯಲು ಯಾವ ಕಮಿಟಿ ಸೇರುತ್ತದೆ?