ತಮ್ಮನ ಮೀನು ಒಳಗೆ ಬರಲಿಲ್ಲ

ನಮ್ಮ ಅತ್ತೆ ಜೀವಮಾನದಲ್ಲಿ ಮೀನು ತಿಂದವರಲ್ಲ. ಕಾರಟಗಿ ಹತ್ತಿರದ ನಮ್ಮ ಹೊಲದ ಒಂದು ಮೂಲೆ ಕಾಲುವೆ ನೀರು ಬಸಿದು ಸವಳಾಗಿ, ಭತ್ತ ಬರುವುದು ನಿಂತಾಗ, ನನ್ನ ಗಂಡ ಅಲ್ಲಿ ಹೊಂಡ ತೋಡಿಸಿ ಜಿಲೇಬಿ ಮೀನಿನ ಮರಿ ಬಿಟ್ಟರು. ಆಮೇಲೆ ಅವರು ರೈಸ್ ಮಿಲ್ಲಿನ ಕೆಲಸಕ್ಕೆ ಹೋದರು, ನಾನು ಅಂಗನವಾಡಿಗೆ ಹೋದೆ. ಮೀನು ಅತ್ತೆಯ ಪಾಲಿಗೆ ಬಂದವು.

ಅತ್ತೆ ಎಮ್ಮೆಗಳಿಗೆ ವರ್ಷಾ ವರ್ಷ ಸೂಜಿ ಹಾಕಿಸಿದವರು. ಮೀನುಗಾರಿಕೆ ಇಲಾಖೆಯ ಅಧಿಕಾರಿ ಹೊಂಡ ನೋಡಲು ಬಂದಾಗ ನೇರವಾಗಿ ಕೇಳಿದರು: “ಸಾಹೇಬ್ರ, ಮೀನಕ್ಕ ಸೂಜಿ ಎಲ್ಲಿ ಚುಚ್ಚತೀರಿ?”

ಅಧಿಕಾರಿ ನಗಲಿಲ್ಲ. “ಇವಕ್ಕ ವೈರಸ್ ಬಂದ್ರ ಔಷಧ ಇಲ್ರಿ ಅಮ್ಮಾರ. ಸೂಜಿನೂ ನಮ್ಮ ಕಡೆ ಇಲ್ಲ. ಬರದಂಗ ನೋಡ್ಕೋಬೇಕು. ಭಾಳ ಮೀನ ತುಂಬಬ್ಯಾಡ್ರಿ, ನೀರು ಛಲೋ ಇಡ್ರಿ, ಅವಕ್ಕ ತಾಕತ್ತು ಉಳಿತೈತಿ. ಹೊರಗಿನ ಮೀನ, ಹೊರಗಿನ ಬಲೆ ಒಳಗ ಬಿಡಬ್ಯಾಡ್ರಿ.”

ಅತ್ತೆ ಇದನ್ನು ಅಕ್ಷರಶಃ ಪಾಲಿಸಿದರು. ಹೊಂಡದ ಸುತ್ತ ಮುಳ್ಳುಬೇಲಿ ಬಂತು. ಬಾಗಿಲಲ್ಲಿ ನೇರಳೆ ಔಷಧಿ ಕಲಸಿದ ನೀರಿನ ಬೋಗುಣಿ ಬಂತು. ಅದರಲ್ಲಿ ಕಾಲು ಅದ್ದದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ನನ್ನ ಗಂಡ ಕಲೆ ಬಿದ್ದ ಪಾದಗಳಲ್ಲೇ ಮಿಲ್ಲಿಗೆ ಹೋಗುತ್ತಿದ್ದರು. ಕೇಳಿದವರಿಗೆ “ನಮ್ಮವ್ವ ಮೀನ ಸಾಕ್ಯಾಳ್ರಿ” ಅನ್ನುತ್ತಿದ್ದರು. ಬೇರೆ ವಿವರಣೆ ಕೊಡುತ್ತಿರಲಿಲ್ಲ.

ಅತ್ತೆಗೆ ಒಬ್ಬರೇ ತಮ್ಮ, ಕನಕಗಿರಿ ಕಡೆ ಇದ್ದರು. ಅಕ್ಕನನ್ನು ನೋಡಿ ಅವರೂ ಹೊಂಡ ಮಾಡಿದ್ದರು. ಬೇಸಿಗೆಯಲ್ಲಿ ಅವರ ಮೀನು ಕಣ್ಣು ಉಬ್ಬಿ, ಮೈ ಕಪ್ಪಾಗಿ, ಮೇವು ಮುಟ್ಟದೆ ಸಾಯತೊಡಗಿದವು. ಬದುಕಿದ್ದವನ್ನು ಡ್ರಮ್ಮುಗಳಲ್ಲಿ ತುಂಬಿ, ಒಂದು ಫೋನೂ ಮಾಡದೆ, ಟೆಂಪೋದಲ್ಲಿ ನಮ್ಮ ಹೊಲಕ್ಕೇ ಬಂದುಬಿಟ್ಟರು.

“ಅಕ್ಕಾ, ನಿನ್ನ ಹೊಂಡದಾಗ ಬಿಡ್ತೀನಿ. ಇಲ್ಲಿ ನೀರು ಛಲೋ ಐತಿ, ಉಳಿತಾವ.”

“ನೀ ಬಾ, ಊಟಾ ಮಾಡು. ಮೀನ ಬ್ಯಾಡ.”

“ಛಲೋ ಇದ್ದವನ್ನಷ್ಟ ಆರಿಸಿ ತಂದೀನಿ.”

“ಒಳಗಿನ ಬ್ಯಾನಿ ನಿನ್ನ ಕಣ್ಣಿಗೆ ಕಾಣತೈತೇನು?”

ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ತಮ್ಮನ ಮುಖ ಕೆಂಪಾಯಿತು. “ಇವತ್ತಿಂದ ನನಗ ಅಕ್ಕ ಇಲ್ಲ.”

“ಇಲ್ಲಂದ್ರೂ ಉಂಡು ಹೋಗು.”

ಅವರು ಉಣ್ಣಲಿಲ್ಲ. ಟೆಂಪೋ ಮರೆಯಾದ ಮೇಲೆ, ಡ್ರಮ್ಮಿನ ನೀರು ತುಳುಕಿದ ಜಾಗಕ್ಕೆ ಅತ್ತೆ ಸುಣ್ಣ ಹಾಕಿದರು. ಹಾಕುತ್ತ ಅಳುತ್ತಿದ್ದರು. ಕಣ್ಣಿಗೇನಾಯಿತು ಎಂದೆ. ಸುಣ್ಣ ಎಂದರು.

ತಮ್ಮನ ಮೀನುಗಳನ್ನು ಪರೀಕ್ಷೆಗೆ ಕಳಿಸಿದಾಗ ವೈರಸ್ ಎಂದೇ ಬಂತು. ಎಲ್ಲವನ್ನೂ ಗುಂಡಿ ತೋಡಿ ಹೂತರು. ನಮ್ಮವು ಬದುಕಿದವು. ಅತ್ತೆಯ ಕಾವಲಿನಿಂದಲೋ, ರೋಗ ಈ ಕಡೆ ಸುಳಿಯದೇ ಇದ್ದುದರಿಂದಲೋ ಹೇಳಲಾಗದು ಎಂದರು ಅಧಿಕಾರಿ. ಅವತ್ತು ಅವರಿಗೆ ಚಹಾ ಸಿಗಲಿಲ್ಲ.

ಆ ವರ್ಷ ನಾಗರ ಪಂಚಮಿಗೆ ತವರಿನಿಂದ ಕರೆಯಲು ಯಾರೂ ಬರಲಿಲ್ಲ. ಅತ್ತೆ ಉಂಡಿಯ ಡಬ್ಬಿ ಹಿಡಿದು, ನನ್ನನ್ನೂ ಕರೆದುಕೊಂಡು, ತಾವೇ ಹೊರಟರು. ಖಾಲಿ ಹೊಂಡದ ದಂಡೆಯ ಮೇಲೆ ತಮ್ಮ ಕೂತಿದ್ದರು. ನಮ್ಮನ್ನು ನೋಡಿಯೂ ಏಳಲಿಲ್ಲ. ಅತ್ತೆ ಹೋಗಿ ಪಕ್ಕದಲ್ಲಿ ಕೂತರು.

“ಎಲ್ಲಾ ಹುಗದೇನು?”

“ಹೂಂ.” ಮುಂದಿನ ಮಾತನ್ನೂ ಅವರೇ ಆಡಿದರು: “ಅವತ್ತು ಒಳಗ ಬಿಟ್ಟಿದ್ರ ನಿನ್ನವೂ ಹೋಗತಿದ್ವು.”

ಅತ್ತೆ ಡಬ್ಬಿ ಬಿಚ್ಚಿ ಮುಂದಿಟ್ಟರು. ತಮ್ಮ ಒಂದು ಉಂಡಿ ಪೂರ್ತಿ ತಿಂದರು. ಆಮೇಲೆ, “ಬೆಲ್ಲಾ ಕಮ್ಮಿ ಬಿದ್ದೈತಿ” ಎಂದು ಇನ್ನೊಂದು ತೆಗೆದುಕೊಂಡರು.

ಬೆಲ್ಲ ಕಮ್ಮಿ ಇರಲಿಲ್ಲ. ಉಂಡಿ ಕಟ್ಟಿದವಳು ನಾನು.