ಕುರಿ ಹಾಲಿನ ಸಾಬೂನಿನ ವಿದ್ಯಾ

ಹತ್ತರಗಿಯಲ್ಲಿ ಹೆದ್ದಾರಿ ಪಕ್ಕ ಬುಟ್ಟಿ ಇಟ್ಟುಕೊಂಡು ಕೂರುವ ನಮ್ಮ ನಾಗನೂರಿನ ವಿದ್ಯಾಳನ್ನು ನೋಡಿಲ್ಲವೆಂದರೆ ನೀವು ಏನು ನೋಡಿದಿರಿ? ತಾನೇ ಮಾಡಿದ ಸಾಬೂನು ಮಾರುತ್ತಾಳೆ. "ಮೂಸಿ ನೋಡ್ರಿ, ರೊಕ್ಕದ ಮಾತ ಆಮ್ಯಾಲ" ಎನ್ನುವುದು ಅವಳ ಮಂತ್ರ. ಯಾರಾದರೂ "ನೊರಿ ಬರತೈತೇನು?" ಎಂದರೆ ಸಾಕು, ಬಾಟಲಿ ನೀರು ಸುರಿದುಕೊಂಡು ಎಡಗೈಯನ್ನು ಮೊಳಕೈವರೆಗೆ ತೊಳೆದು ತೋರಿಸುತ್ತಾಳೆ. ಹೀಗೆ ತೊಳೆದೂ ತೊಳೆದೂ, ಇಡೀ ಹುಕ್ಕೇರಿ ತಾಲೂಕಿನಲ್ಲಿ ಅವಳ ಎಡಗೈಯಷ್ಟು ಸ್ವಚ್ಛವಾದ ಕೈ ಇನ್ನೊಂದಿಲ್ಲ. ಗಿರಾಕಿ ಕಣ್ಣು ಮುಚ್ಚಿ ಮೂಸುತ್ತಾನೆ, ತಲೆದೂಗುತ್ತಾನೆ, ಕೊನೆಗೆ "ಯಾವ ಹಾಲ ಹಾಕ್ತಿ?" ಎಂದು ಕೇಳುತ್ತಾನೆ. "ನಮ್ಮ ಮನೀ ಕುರಿ ಹಾಲ್ರಿ" ಎಂದಳೋ, ಮುಗಿಯಿತು. ಅಲ್ಲಿಯವರೆಗೆ ಹೊಗಳಿದ ಮೂಗು ಸೊಟ್ಟಗಾಗುತ್ತದೆ. "ಅದಕ್ಕ ಅಂದೆ, ವಾಸನಿ ಬರಾಕತ್ತೈತಿ" ಎಂದು ಸಾಬೂನನ್ನು ಬುಟ್ಟಿಗೆ ಎಸೆದು, ಅವಳಿಂದಲೂ ಒಂದು ಹೆಜ್ಜೆ ದೂರ ಸರಿಯುತ್ತಾನೆ. ಪಕ್ಕದ ಬಳೆಯಂಗಡಿ ಮಾಲಾ ಗದರುತ್ತಾಳೆ: "ಆಕಳ ಹಾಲಂತ ಹೇಳ, ಹುಚ್ಚಿ! ಕುರಿ ಬಂದು ಸಾಕ್ಷಿ ಹೇಳತಾವೇನು?" "ನಾಳಿ ಅವುಗಳ ಮುಖ ಹೆಂಗ ನೋಡಲಿ, ಅಕ್ಕಾ?" ಎಂದು ವಿದ್ಯಾ ನಗುತ್ತಾಳೆ. ಸಂಜೆ ತುಂಬಿದ ಬುಟ್ಟಿಯ ಸಮೇತ ಬಸ್ಸು ಹತ್ತುತ್ತಾಳೆ. ಇತ್ತೀಚೆಗೆ ಆ ನಗುವೂ ಕಡಿಮೆಯಾಗಿದೆ. ಬಾಟಲಿ ಹಾಲು ಕುಡಿಸಿ ಅವಳೇ ಬೆಳೆಸಿದ ತಬ್ಬಲಿ ಮರಿ, ಅವಳು ಕೈ ಚಾಚಿದರೆ ಮೂಸಿ ಹಿಂದೆ ಸರಿಯುತ್ತದೆ. "ಸಾಬಾನದ ವಾಸನಿಗೆ ಅದಕ್ಕ ನಿನ್ನ ಗುರ್ತ ಸಿಗವಲ್ದ, ಮಗಳ" ಎನ್ನುತ್ತಾಳೆ ಅವ್ವ ಕೆಂಪವ್ವ. ಈಗ ಆ ಮರಿಯನ್ನು ಎತ್ತಿಕೊಳ್ಳುವ ಮೊದಲು ವಿದ್ಯಾ ಕುರಿ ವಾಸನೆ ಹಿಡಿದ ಅವ್ವನ ಕಂಬಳಿ ಹೊದ್ದುಕೊಳ್ಳುತ್ತಾಳೆ.