ಕ್ಲಚ್ಚಿನ ಕಾಲು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಮನೆಯಲ್ಲಿ, ಕಚೇರಿಯಲ್ಲಿ, ಬಸ್ಸಿನ ಸೀಟಿನ ವಿಷಯಕ್ಕೆ, ಎಲ್ಲೆಂದರಲ್ಲಿ ಹೊರಗೆ ಬಂದಿದೆ, ಬಂದಷ್ಟೇ ಬೇಗ ಇಳಿದೂ ಹೋಗಿದೆ. ಯಾರಿಗೂ ಅದರಿಂದ ದೊಡ್ಡ ನಷ್ಟವಾಗಿರಲಿಲ್ಲ. ಒಂದು ಸಲ ಮಾತ್ರ ಅದು ನನ್ನ ಗೆಳೆಯನ ಕಾಲು ಮುರಿಯಿತು. ಬಸ್ ಡ್ರೈವರನ ಎಡಗಾಲು, ಕ್ಲಚ್ ಒತ್ತುವ ಕಾಲು.

ನಮ್ಮದು ಹೊಟ್ಟೆ ಬಂದವರ ಫುಟ್‌ಬಾಲ್. ಕ್ರಿಕೆಟ್ ಹುಚ್ಚಿನ ನಮ್ಮ ಸೀಮೆಯಲ್ಲಿ ಫುಟ್‌ಬಾಲ್ ಆಡುವವರು ಸಿಗುವುದೇ ಕಷ್ಟ. ಐದು ತಾಲ್ಲೂಕು ಜಾಲಾಡಿದರೆ ಒಂದೂವರೆ ತಂಡ ಆಗುತ್ತದೆ, ಅಷ್ಟೇ. ಭಾನುವಾರ ಬೆಳಿಗ್ಗೆ ಎಲ್ಲರೂ ಕೊಟ್ಟೂರಿನ ಒಂದು ಮೈದಾನದಲ್ಲಿ ಸೇರುತ್ತೇವೆ. ಹಡಗಲಿಯಿಂದ ಇಬ್ಬರು ಮೇಷ್ಟ್ರು ಬರುತ್ತಾರೆ, ಹಗರಿಬೊಮ್ಮನಹಳ್ಳಿಯ ಔಷಧಿ ಅಂಗಡಿಯವರು ಅಂಗಡಿಯ ಬೀಗದ ಕೈ ತಮ್ಮನಿಗೆ ಕೊಟ್ಟು ಬರುತ್ತಾರೆ, ಹರಪನಹಳ್ಳಿಯವರು ಒಂದೇ ಬೈಕಿನಲ್ಲಿ ಮೂವರು ಬಂದು ನನ್ನಿಂದ ಬೈಸಿಕೊಳ್ಳುತ್ತಾರೆ. ನಾನು ಕೂಡ್ಲಿಗಿಯ ಒಂದು ಕಚೇರಿಯ ಗುಮಾಸ್ತ. ನಮ್ಮ ಮನೆತನದಲ್ಲಿ ಸಂಬಳದ ಕೆಲಸ ಕಂಡವನು ನಾನೇ ಮೊದಲು. ನನ್ನಪ್ಪ ಕಲ್ಲು ಒಡೆಯುತ್ತಿದ್ದ. ಅವನ ಹೆಬ್ಬೆರಳು ಒಂದು ದಿನ ಸುತ್ತಿಗೆಯ ಕೆಳಗೆ ಹೋದದ್ದನ್ನು ಕಣ್ಣಾರೆ ಕಂಡಿದ್ದೆ. ಅದಕ್ಕೇ ಇರಬೇಕು, ಪೆಟ್ಟು ಅಂದರೆ ನನಗೆ ಜೀವ ಹೋದಷ್ಟು ಭಯ.

ಹಾಗಾಗಿ ಮೈದಾನದ ಜಾಗ್ರತೆಯೆಲ್ಲ ನನ್ನ ತಲೆಯ ಮೇಲೆ. ಆಟ ಶುರುವಾಗುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮೈದಾನದ ಈ ತುದಿಯಿಂದ ಆ ತುದಿಯವರೆಗೆ ಬಗ್ಗಿ ನಡೆಸಿ, ಕಲ್ಲು, ಗಾಜು, ನೆಗ್ಗಿಲು ಮುಳ್ಳು ಆರಿಸುತ್ತಿದ್ದೆ. ಉಂಗುರ ಬಿಚ್ಚು, ಕಡಗ ಬಿಚ್ಚು, ಮೊಣಕಾಲಿನ ಕೆಳಗೆ ಗಾರ್ಡ್ ಕಟ್ಟು, ಹತ್ತು ನಿಮಿಷ ಮೈ ಬಿಸಿ ಮಾಡು. ನನ್ನ ಡಬ್ಬಿಯಲ್ಲಿ ಬ್ಯಾಂಡೇಜು, ಹತ್ತಿ, ಸ್ಪ್ರೇ, ಥರ್ಮಾಸಿನಲ್ಲಿ ಐಸು. ಎಲ್ಲರೂ ನನ್ನನ್ನು 'ಕಾಂಪೌಂಡರ್' ಎಂದೇ ಕರೆಯುತ್ತಿದ್ದರು. ಪುರಾಣ ಹೇಳೋಕೆ ಬದನೆಕಾಯಿ ತಿನ್ನೋಕೆ ಅನ್ನುತ್ತಾರಲ್ಲ, ಅದು ನನ್ನಂಥವನನ್ನು ನೋಡಿಯೇ ಹುಟ್ಟಿದ ಮಾತು.

ಗೆಳೆಯನ ಮನೆ ಕೊಟ್ಟೂರಿನಲ್ಲೇ. ಕುರಿ ಸಾಕುವ ಮನೆತನದಲ್ಲಿ ಹುಟ್ಟಿ ಸರ್ಕಾರಿ ಬಸ್ಸಿನ ಸ್ಟೀರಿಂಗ್ ಹಿಡಿದವನು. ಆಟದಲ್ಲಿ ಅವನ ಎಡಗಾಲು ಚೆಂಡಿಗೆ ಅಂಟಿಕೊಂಡೇ ಇರುತ್ತಿತ್ತು, ಬಾಯಿ ಸದಾ ಯಾರನ್ನಾದರೂ ಗೇಲಿ ಮಾಡುತ್ತಿತ್ತು. ಆ ಭಾನುವಾರ ಸರದಿ ನನ್ನದು.

"ಏ ದಾರಿ ಬಿಡ್ರಲೇ, ಗ್ಯಾಸ್ ಸಿಲಿಂಡರ್ ಉಳ್ಳಿಕೊಂತ ಬಂತು!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಅವನು ನನ್ನ ಎರಡೂ ಕಾಲಿನ ನಡುವೆ ಚೆಂಡು ತೂರಿಸಿ ಮುಂದೆ ಹೋದ. ಎರಡನೇ ಸಲವೂ ಹಾಗೇ ಮಾಡಿದ. ಮೂರನೇ ಸಲ ಬಂದಾಗ, "ಸಿಲಿಂಡರ್ ಖಾಲಿ ಆಗೈತಿ ನೋಡ್ರಿ" ಅಂದ. ಆಗ ನನಗೆ ಏನಾಯಿತೋ! ಚೆಂಡು ಆಗಲೇ ಅವನ ಕಾಲಿನಿಂದ ಒಂದು ಮಾರು ದೂರ ಹೋಗಿತ್ತು. ಅದನ್ನು ನಾನು ನೋಡಿದ್ದೆ. ನೋಡಿಯೂ ಒದ್ದೆ.

ಒಣಕಟ್ಟಿಗೆ ಮುರಿದಂಥ ಸದ್ದು. ಅವನು ಕೂಗಲಿಲ್ಲ. ಕೂತ, ಹಿಮ್ಮಡಿಯ ಮೇಲಿನ ಗಂಟನ್ನು ಎರಡೂ ಕೈಯಿಂದ ಹಿಡಿದುಕೊಂಡ, ಮುಖದ ತುಂಬ ಬೆವರು. ಅಯ್ಯೋ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ! ಐಸು ಹಿಡಿದು ಓಡಿದವನೂ ನಾನೇ. ಉಳಿದವರು, ಪಾಪ, ಆಟದಲ್ಲಿ ಆದ ಪೆಟ್ಟು ಎಂದುಕೊಂಡರು. ನಾನು ಅವರ ತಪ್ಪು ತಿದ್ದಲಿಲ್ಲ.

ಆಸ್ಪತ್ರೆಗೆ ಹೋಗೋಣ ಎಂದು ಔಷಧಿ ಅಂಗಡಿಯವರು ಅಂದರು. ಗೆಳೆಯ ಒಪ್ಪಲಿಲ್ಲ. "ಆಸ್ಪತ್ರಿ ಬ್ಯಾಡ. ಎಕ್ಸ್‌ರೇದಾಗ ಮುರುದೈತಿ ಅಂತ ಬಂತಂದ್ರ ಡಿಪೋದಾಗ ಗೊತ್ತಾಗ್ತೈತಿ. ಕ್ಲಚ್ಚಿನ ಕಾಲು ಲೇ ಇದು. ಆಟ ಆಡಾಕ ಹೋಗಿ ಮುರಕಂಡಾನ ಅಂತ ಸ್ಟೀರಿಂಗಿನಿಂದ ಇಳಿಸಿಬಿಡ್ತಾರ. ಉಳುಕೈತಿ, ಹದಿನೈದು ದಿನ ರಜಾ ಹಾಕ್ತೀನಿ. ನಮ್ಮಾವನ್ನ ಕರಸ್ರಿ."

ಸರಿಯಾಗಿ ಬುದ್ಧಿ ಇದ್ದವನು ಆಗ ಅವನನ್ನು ಎತ್ತಿ ಕಾರಿನಲ್ಲಿ ಹಾಕಿಕೊಂಡು ಹೋಗಬೇಕಿತ್ತು. ನಾನು ಹೂಂ ಅಂದೆ. ಯಾಕೆ ಅಂದರೆ, ಎಕ್ಸ್‌ರೇ ತೆಗೆಯುವವರೆಗೂ ಅದು ಉಳುಕೇ. ನಾನು ಗೆಳೆಯನ ಕಾಲು ಮುರಿದವನಾಗುವುದಿಲ್ಲ, ಉಳುಕಿಸಿದವನಾಗುತ್ತೇನೆ. ಇಷ್ಟೇ ನನ್ನ ಲೆಕ್ಕಾಚಾರ, ಬೇರೆ ಏನೂ ಅಲ್ಲ.

ಅವನ ಸೋದರಮಾವ ಹೊಸಹಳ್ಳಿ ಕಡೆಯ ಕುರಿಗಾರರು. ಕುರಿಯ ಮುರಿದ ಕಾಲಿಗೆ ದಬ್ಬೆ ಕಟ್ಟುವುದರಲ್ಲಿ ಅವರನ್ನು ಮೀರಿಸುವವರು ಸುತ್ತಲ ಹಳ್ಳಿಗಳಲ್ಲಿ ಇಲ್ಲ. ಬಿದಿರನ್ನು ಸೀಳಿ, ನುಣುಪು ಮಾಡಿ, ಹಳೆಯ ಬಟ್ಟೆ ಸುತ್ತಿ ಬಿಗಿಯುತ್ತಾರೆ. ಕಟ್ಟಿದ ಮೇಲೆ ಅವರು ಕುರಿಯ ಕಾಲು ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಮೆಲುಕು ಹಾಕುತ್ತಿದ್ದರೆ ಕಟ್ಟು ಸರಿ ಇದೆ. ಬಾಯಿ ನಿಲ್ಲಿಸಿ ಒದರಿತೋ, ಬಿಗಿಯಾಗಿದೆ, ಬಿಚ್ಚಿ ಮತ್ತೆ ಕಟ್ಟಬೇಕು. ಇದು ಅವರ ಅಪ್ಪ ಅವರಿಗೆ ಕಲಿಸಿದ್ದು.

ಮಧ್ಯಾಹ್ನದ ಹೊತ್ತಿಗೆ ಗೆಳೆಯನ ಮನೆಗೆ ಬಂದರು. ಕಾಲು ನೋಡಿ ಹಿಂದೆ ಸರಿದರು. "ನಾ ಮನಶಾರಿಗೆ ಕಟ್ಟಿದಾವ ಅಲ್ಲಪಾ. ದವಾಖಾನಿಗೆ ಕರಕಂಡು ಹೋಗ್ರಿ."

"ಬರೇ ಉಳುಕೈತಿ ಮಾವ," ಎಂದ ಗೆಳೆಯ. ನಾನೂ ದನಿಗೂಡಿಸಿದೆ. "ಅಲುಗಾಡದಂಗ ಒಂದೀಟು ಕಟ್ರಿ, ಸಾಕು." ಇಬ್ಬರು ಓದಿದವರು ಹೇಳಿದ ಮೇಲೆ ಆ ಹಿರಿಯರಾದರೂ ಏನು ಮಾಡಿಯಾರು? ಕಟ್ಟಿದರು. ಐಸು ಇಟ್ಟಿದ್ದರಿಂದ ಪಾದ ಆಗಿನ್ನೂ ಪೂರ್ತಿ ಬಾತಿರಲಿಲ್ಲ. ಕುರಿಯ ಕಾಲಿನಲ್ಲಿ ಮಾಂಸ ಕಡಿಮೆ, ಅಷ್ಟಾಗಿ ಬಾಯುವುದಿಲ್ಲ. ಮನುಷ್ಯನ ಪಾದ ಹಾಗಲ್ಲ. ಅದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಕಚೇರಿಗೆ ರಜೆ ಹಾಕಿ ಮೊದಲ ಬಸ್ಸಿಗೇ ಕೊಟ್ಟೂರಿಗೆ ಬಂದೆ. ಅವನಿಗೆ ಇಷ್ಟ ಎಂದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಹೋಗಿದ್ದೆ. ಗೋಡೆಗೆ ಒರಗಿ ಕೂತಿದ್ದ. ನನ್ನನ್ನು ನೋಡಿದ್ದೇ ತಡ, "ಬಾ ಕಾಂಪೌಂಡರ್" ಎಂದು ನಕ್ಕ. ಹೇಗಿದೆ ಅಂದರೆ, "ಆರಾಮ ಐತಿ ಲೇ" ಅಂದ. ಮತ್ತೆ ಕೇಳಿದೆ. "ಆರಾಮ ಐತಿ ಅಂದ್ನೆಲ್ಲ." ನನಗೆ ಎಷ್ಟು ಹಗುರವಾಯಿತು ಅಂತೀರಿ! ಬಾಗಿಲ ಹತ್ತಿರ ಕೂತು ಅವನ ಹೆಂಡತಿ ಕೊಟ್ಟ ಚಹಾ ಕುಡಿದೆ. ಅವನ ಪಾದದ ಮೇಲೆ ದುಪ್ಪಟಿ ಇತ್ತು. ಅದನ್ನು ಎತ್ತಿ ನೋಡಲಿಲ್ಲ. ಡಬ್ಬಿ ಹೊತ್ತು ತಿರುಗುವ ಕಾಂಪೌಂಡರ್ ನಾನು, ಎತ್ತಿ ನೋಡಲಿಲ್ಲ.

ಅರ್ಧ ತಾಸಿಗೆ ಅವನ ಮಾವ ಬಂದರು. ಯಾರೂ ಕರೆದಿರಲಿಲ್ಲ. ಊರಲ್ಲಿ ಇರಲಾರದೆ ಬಂದಿದ್ದರು. ಒಳಗೆ ಬಂದವರು ಅವನನ್ನು ಮಾತಾಡಿಸಲಿಲ್ಲ. ಹಾಗೇ ಇದ್ದ ಮಂಡಕ್ಕಿ ಪೊಟ್ಟಣ ನೋಡಿ ಅವನ ಹೆಂಡತಿಯನ್ನು ಕೇಳಿದರು.

"ಏನ್ ಉಂಡಾನವಾ ನಿನ್ನಿಯಿಂದ?"

"ಏನೂ ಇಲ್ಲ ಮಾವ. ಬರೇ ಚಾ. ರೊಟ್ಟಿ ಕೊಟ್ರ ಆಮ್ಯಾಲೆ ಆಮ್ಯಾಲೆ ಅಂತಾರ."

ಅವರ ಮುಖವೇ ಬದಲಾಯಿತು. "ಕತ್ರಿ ತಗಂಬಾ, ಲಗೂನ!" ಎಂದು ಕೂಗಿ ದುಪ್ಪಟಿ ಎಳೆದರು. ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಮುಟ್ಟಿದೆ, ತಣ್ಣಗಿದ್ದವು. "ನನ್ನ ಕೈ ಗೊತ್ತಾಗ್ತೈತೇನು?" ಎಂದು ಕೇಳಿದೆ. ಅವನು ನನ್ನ ಮುಖ ನೋಡಿದ. "ಎಲ್ಲಿ ಹಿಡದೀಯಲೇ?" ಅಂದ.

ಮಾವ ಬಟ್ಟೆಯನ್ನು ಕತ್ತರಿಸಿ ದಬ್ಬೆ ಬಿಚ್ಚಿದರು. ಬಿದಿರಿನ ಗುರುತು ಚರ್ಮದಲ್ಲಿ ಗುಳಿಬಿದ್ದು ನಿಂತಿತ್ತು. ಅವರು ಆ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತರು. "ಕುರಿ ಆಗಿದ್ರ ಒದರ್ತಿತ್ತಲ್ಲೋ ನನ್ನಪ್ಪಾ. ಮೂಕಪ್ರಾಣಿ ಒದರ್ತೈತಿ. ನಿನಗ ಬಾಯಿದ್ದಿಲ್ಲೇನು?"

ಬಾಡಿಗೆ ಕಾರಿನಲ್ಲಿ ಹರಪನಹಳ್ಳಿಗೆ ಹೊರಟೆವು. ಅವನ ಕಾಲು ನನ್ನ ಮಡಿಲಲ್ಲಿತ್ತು. ರಕ್ತ ಮತ್ತೆ ಹರಿಯತೊಡಗಿದಾಗ ನೋವು ಬಂತು ನೋಡಿ, ಅವನು ಸೀಟಿನ ಅಂಚು ಹಿಡಿದು ಹಲ್ಲು ಕಚ್ಚಿದ. ಅಲ್ಲಿಯೂ ನನಗೆ ಸಿಟ್ಟೇ ಬಂದದ್ದು. ಯಾಕೆ ಹೇಳಲಿಲ್ಲ ಎಂದು ಗದರಿದೆ.

"ನೀ ಬಾಗಲದಾಗ ಕುಂತಿದ್ದೆಲ್ಲ," ಅಂದ. "ನಿನ್ ಮಾರಿ ನೋಡಿ ಹ್ಯಾಂಗ ಹೇಳಾದು?"

ಎಲುಬಿನ ಡಾಕ್ಟರು ನಮ್ಮೆಲ್ಲರಿಗೂ ಸೇರಿಸಿ ಬೈದರು. ಎರಡು ಕಡೆ ಮುರಿದಿದೆ, ಪ್ಲೇಟು ಹಾಕಬೇಕು, ಇನ್ನು ಅರ್ಧ ದಿನ ಬಿಟ್ಟಿದ್ದರೆ ಪಾದ ಉಳಿಯುತ್ತಿರಲಿಲ್ಲ ಎಂದರು. ಪಾದ ಉಳಿಯಿತು. ಕ್ಲಚ್ ಒತ್ತುತ್ತದೋ ಇಲ್ಲವೋ ಅದನ್ನು ಈಗಲೇ ಹೇಳಲು ಬರುವುದಿಲ್ಲ ಎಂದರು. ಗೆಳೆಯ ಡಿಪೋಗೆ ಇದ್ದದ್ದು ಇದ್ದ ಹಾಗೆ ಬರೆದುಕೊಟ್ಟ. ಅವನು ಹೆದರಿದ್ದಂತೆ ಯಾರೂ ಅವನನ್ನು ನುಂಗಲಿಲ್ಲ. ಕಾಲು ವಾಸಿಯಾಗಲಿ, ಪರೀಕ್ಷೆಯಲ್ಲಿ ಪಾಸಾದರೆ ಸ್ಟೀರಿಂಗ್, ಆಗದಿದ್ದರೆ ಡಿಪೋದಲ್ಲೇ ಬೇರೆ ಕೆಲಸ ಎಂದರಂತೆ. ಅವನಿಗೆ ಅದೇ ಸಾವು. ಹದಿನೆಂಟು ವರ್ಷ ರಸ್ತೆ ನೋಡಿದ ಕಣ್ಣು ಇನ್ನು ಗೋಡೆ ನೋಡಬೇಕಾ ಎಂದು ಹೆಂಡತಿಯ ಹತ್ತಿರ ಅತ್ತನಂತೆ. ಆಕೆ ನನಗೆ ಹೇಳಿದಳು.

ಪ್ಲಾಸ್ಟರು ಬಿಚ್ಚಿದ ಮೇಲೆ ಪಾದ ಮರದ ಹಲಗೆಯಷ್ಟು ಬಿರುಸಾಗಿತ್ತು. ಯಾರಾದರೂ ಅಂಗೈ ಒಡ್ಡಬೇಕು, ಅವನು ಪಾದದಿಂದ ಅದನ್ನು ಒತ್ತಬೇಕು, ದಿನಕ್ಕೆ ನೂರು ಸಲ. ಕಚೇರಿ ಮುಗಿಸಿ ಸಂಜೆ ಬಸ್ಸಿಗೆ ಕೊಟ್ಟೂರಿಗೆ ಹೋಗಿ ಅಂಗೈ ಒಡ್ಡುವುದು ನನ್ನ ಕೆಲಸವಾಯಿತು. ಮೊದಮೊದಲು ಇರುವೆ ನೂಕಿದಷ್ಟೂ ಬಲವಿರಲಿಲ್ಲ. ಅವನ ಹೆಂಡತಿ ನನಗೆ ರೊಟ್ಟಿ ಬಡಿಸುತ್ತ, "ನಿಮ್ಮಂಥ ಗೆಳ್ಯಾ ಸಿಗಾಕ ಪುಣ್ಯ ಮಾಡಿರಬೇಕಣ್ಣಾ" ಅನ್ನುತ್ತಿದ್ದಳು. ನಾನು ತಲೆ ಎತ್ತದೆ ರೊಟ್ಟಿ ಮುರಿಯುತ್ತಿದ್ದೆ.

ಒಂದು ಸಂಜೆ ತಡೆಯಲಾಗಲಿಲ್ಲ. ಆಕೆ ಎದುರಿಗಿರುವಾಗಲೇ ಹೇಳಿಬಿಟ್ಟೆ. "ನಾ ಬೇಕಂತನ ಒದ್ದೆ ಲೇ. ಚೆಂಡು ಹೋಗಿತ್ತು. ಕಂಡಿತ್ತು ನನಗ."

ಅವನು ಒತ್ತುವುದನ್ನು ನಿಲ್ಲಿಸಲಿಲ್ಲ. "ಗೊತ್ತೈತಿ. ಒದಿಸಿಕೊಂಡವಗ ಗೊತ್ತಾಗಲ್ಲೇನು? ಅರವತ್ತೊಂದು, ಅರವತ್ತೆರಡು. ಕೈ ಗಟ್ಟಿ ಹಿಡಿ."

ಆಕೆ ಮಾತ್ರ ಎದ್ದು ಒಳಗೆ ಹೋದಳು. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ಐದನೇ ದಿನ ರೊಟ್ಟಿ ಬಂತು, ಮಾತು ಬರಲು ಇನ್ನೂ ಒಂದು ವಾರ ಹಿಡಿಯಿತು. ಸರಿಯಾಗೇ ಮಾಡಿದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ? ತಂಡದವರಿಗೂ ಮುಂದಿನ ಭಾನುವಾರ ಹೇಳಿದೆ. ಒಂದು ವರ್ಷ ನಾನು ಆಡುವಂತಿಲ್ಲ ಎಂದು ತೀರ್ಮಾನವಾಯಿತು. ಬಿದ್ದವನು ಆರಾಮ ಅಂದರೂ ಕೇಳದೆ ಎಕ್ಸ್‌ರೇಗೆ ಒಯ್ಯಬೇಕು ಎಂಬುದು ಅಂದಿನಿಂದ ನಮ್ಮ ಮೊದಲ ನಿಯಮ.

ಏಳು ತಿಂಗಳಿಗೆ ಸಾರಿಗೆ ನಿಗಮದ ಡಾಕ್ಟರ ಹತ್ತಿರ ಪರೀಕ್ಷೆಯ ದಿನ ಬಂತು. ಜೊತೆಗೆ ನಾನೂ ಹೋದೆ. ಆಗ ಅವನು ಒತ್ತಿದರೆ ನಾನು ಹಿಂದಕ್ಕೆ ಬೀಳುವಷ್ಟು ಬಲ ಬಂದಿತ್ತು. ಆದರೆ ಬಹಳ ಹೊತ್ತು ಒತ್ತಿದರೆ ನೋವಿತ್ತು. ಹೊರಗೆ ನಿಂತು ನಾನು ಅವನ ಕಿವಿಯಲ್ಲಿ ಊದಿದೆ. "ನೋವೈತೇನು ಅಂತ ಕೇಳ್ತಾರ. ಇಲ್ರಿ ಅಂತನ್ನು, ಮುಗೀತು." ಅವನು ತಲೆ ಆಡಿಸಿ ಒಳಗೆ ಹೋದ. ಹೊರಗೆ ಬಂದಾಗ ಕೈಯಲ್ಲಿದ್ದ ಕಾಗದದಲ್ಲಿ, ಇನ್ನು ಮೂರು ತಿಂಗಳು ಬಿಟ್ಟು ಬರಬೇಕು ಎಂದಿತ್ತು.

"ಏನಂದಿ?"

"ಐತ್ರಿ ಅಂದೆ."

ಬಸ್‌ ಸ್ಟ್ಯಾಂಡಿನಲ್ಲಿ ನಾಲ್ಕು ಜನ ತಿರುಗಿ ನೋಡುವ ಹಾಗೆ ಅವನಿಗೆ ಬೈದೆ. ದಡ್ಡ, ಹುಚ್ಚ, ಕೈಗೆ ಬಂದ ತುತ್ತು ಚೆಲ್ಲಿಕೊಂಡವನೇ, ಏನೆಲ್ಲ ಅಂದೆ. ಅವನು ನನ್ನ ಬೈಗುಳ ಮುಗಿಯುವವರೆಗೆ ಕಾದ.

"ಹೋದ ಸಲ ಆರಾಮ ಅಂದಿದ್ದಕ್ಕ ನನ್ನ ಪಾದ ಒಂದ ಹೋಗ್ತಿತ್ತು. ಈಗ ಆರಾಮ ಅಂದ್ರ ಹಿಂದ ಐವತ್ತು ಮಂದಿ ಕುಂತಿರ್ತಾರ ಲೇ. ಹುಡ್ರು, ಮಕ್ಳು, ಬಸುರಿ ಹೆಣ್ಮಕ್ಳು."

ಬಂದ ಬಸ್ಸು ಹತ್ತಿ ಕೊಟ್ಟೂರಿಗೆ ಎರಡು ಟಿಕೆಟ್ ನಾನೇ ತೆಗೆದೆ.

ಮೂರು ತಿಂಗಳು ಅವನು ಡಿಪೋದ ಗೋಡೆ ನೋಡಿದ, ಸಂಜೆ ನನ್ನ ಅಂಗೈ ಒತ್ತಿದ. ಮತ್ತೆ ಹೋದೆವು. ಈ ಸಲ ಬಾಗಿಲು ತೆರೆದೇ ಇತ್ತು, ನನಗೆ ಎಲ್ಲವೂ ಕೇಳಿಸುತ್ತಿತ್ತು. ಅದೇ ಡಾಕ್ಟರು, ಅದೇ ಪ್ರಶ್ನೆ.

"ಈಗ ಇಲ್ರಿ," ಎಂದ ಗೆಳೆಯ.

ಅವರು ಹಳೆಯ ಕಾಗದ ತಿರುವಿ ನೋಡಿದರು. "ಹೋದ ಸಲ ನೋವೈತಿ ಅಂದಾತ ನೀನೇ ಅಲ್ಲೇನಪಾ? ಇಲ್ಲಿಗೆ ಬಂದು ಹಂಗ ಯಾರೂ ಅನ್ನಂಗಿಲ್ಲ. ನಿನ್ನ ಮಾತು ನಂಬ್ತೀನಿ," ಎಂದು ಪೆಡಲ್ ಒತ್ತಿಸಿ ನೋಡಿ, ರುಜು ಹಾಕಿದರು.

ನಾನು ಹೊರಗಿನ ಬೆಂಚಿನ ಮೇಲೆ ಕೂತು ಮಕ್ಕಳ ಹಾಗೆ ಅಳುತ್ತಿದ್ದೆ. ಅಲ್ಲಿದ್ದ ಜವಾನರು ಹತ್ತಿರ ಬಂದು, "ಯಾಕ್ರಿ, ನಿಮ್ದು ಫೇಲಾತೇನು?" ಎಂದು ಕೇಳಿದರು.

"ಹೌದ್ರಿ, ನಂದು ಫೇಲು," ಅಂದೆ. "ಅವಂದು ಪಾಸು."